ಪಬ್ ಒಳಗಿನ ಇಂಡಿಯನ್ ರೆಸ್ಟೋರೆಂಟ್‌ಗೆ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಬಹುದಾ? (ಐರ್ಲೆಂಡ್)

ಲೀಷ್_ಕನ್ನಡಿಗ
ಎಲ್ಲರಿಗೂ ನಮಸ್ಕಾರ. ಐರ್ಲೆಂಡ್‌ನಲ್ಲಿ ಇರುವವರು ದಯವಿಟ್ಟು ಹೇಳಿ.

ನಾವಿರುವುದು ಪೋರ್ಟ್‌ಲೀಷ್ ಹತ್ತಿರದ ಒಂದು ಸಣ್ಣ ಊರಿನಲ್ಲಿ. ಅಪ್ಪ-ಅಮ್ಮ ಅರಸೀಕೆರೆಯಿಂದ ಬಂದಿದ್ದಾರೆ, ಬೇಸಿಗೆ ಮುಗಿಯುವವರೆಗೂ ಇಲ್ಲೇ ಇರುತ್ತಾರೆ. ಅಪ್ಪನಿಗೆ 70 ತುಂಬುತ್ತದೆ. ಅವತ್ತು ಎಲ್ಲರೂ ಹೊರಗೆ ಊಟ ಮಾಡೋಣ ಅಂತ ಆಸೆ. ಇಬ್ಬರೂ ಮೊಟ್ಟೆ ಕೂಡ ಮುಟ್ಟುವುದಿಲ್ಲ. ಅಪ್ಪ ಜನ್ಮದಲ್ಲಿ ಬಾರ್ ಮೆಟ್ಟಿಲು ಹತ್ತಿದವರಲ್ಲ.

ಊರಲ್ಲಿ ಇರುವುದು ಒಂದೇ ಇಂಡಿಯನ್ ರೆಸ್ಟೋರೆಂಟ್, ಅದೂ ಪಬ್ ಒಳಗೆ. ಬಾಗಿಲು ತೆಗೆದರೆ ಮೊದಲು ಬಾರ್ ಕೌಂಟರ್, ಟಿವಿಯಲ್ಲಿ ಹರ್ಲಿಂಗ್ (ಕೋಲು-ಚೆಂಡಿನ ಐರಿಷ್ ಆಟ) ಮ್ಯಾಚ್, ಸ್ಟೂಲ್ ಮೇಲೆ ಪೈಂಟ್ ಹಿಡಿದು ಕೂತ ಹಿರಿಯರು. ಅವರನ್ನೆಲ್ಲ ದಾಟಿದರೆ ಹಿಂದಿನ ಹಾಲ್‌ನಲ್ಲಿ ಊಟದ ಟೇಬಲ್‌ಗಳು. ನಾನು ಪಾರ್ಸೆಲ್ ತಂದಿದ್ದೇನೆ, ದಾಲ್ ಚೆನ್ನಾಗಿದೆ. ಆದರೆ ಅಪ್ಪನನ್ನು ಆ ಕೌಂಟರ್ ದಾಟಿಸಿ ಕರೆದುಕೊಂಡು ಹೋಗುವುದು ಸರಿಯಾ? ಅಡುಗೆಮನೆಯಲ್ಲಿ ವೆಜ್ ಬೇರೆ ಮಾಡುತ್ತಾರಾ? 6 ವರ್ಷದ ಮಗಳೂ ಇದ್ದಾಳೆ. ಇಲ್ಲ ಅಂದ್ರೆ ಡಬ್ಲಿನ್‌ಗೇ ಹೋಗಿಬಿಡೋಣವಾ?

ಡಬ್ಲಿನ್15
ಡಬ್ಲಿನ್‌ಗೆ ಬನ್ನಿ. ಇಲ್ಲಿ ದೋಸೆ, ಇಡ್ಲಿ ಎಲ್ಲ ಸಿಗುತ್ತದೆ. ಮೋಟಾರ್‌ವೇಯಲ್ಲಿ ಒಂದು ಗಂಟೆ ಅಷ್ಟೇ ಅಲ್ವಾ?

ಕಾರ್ಕ್_ಅಕ್ಕ
ಧಾರಾಳವಾಗಿ ಹೋಗಿ. ನಮ್ಮೂರ ಬಾರ್ ಅಂಡ್ ರೆಸ್ಟೋರೆಂಟ್ ಕಣ್ಣಿಂದ ಇಲ್ಲಿನ ಪಬ್ ನೋಡಬೇಡಿ. ಕೆಂಪು ಲೈಟು, ಕಪ್ಪು ಗಾಜು, ಹೆಂಗಸರಿಗೆ ಪರದೆ ಹಾಕಿದ ಫ್ಯಾಮಿಲಿ ರೂಮು, ಅದು ಬೇರೆಯದೇ ಲೋಕ. ಇಲ್ಲಿ ಮಗುವಿನ ನಾಮಕರಣದ ಊಟ ಪಬ್‌ನಲ್ಲಿ. ಚರ್ಚ್‌ನಲ್ಲಿ ಮೊದಲ ಕಮ್ಯುನಿಯನ್ ಅನ್ನುವ ಸಂಸ್ಕಾರ ಆದ ಮಕ್ಕಳು ಬಿಳಿ ಬಟ್ಟೆಯಲ್ಲೇ ಪಬ್‌ಗೆ ಬರುತ್ತಾರೆ. ಯಾರಾದರೂ ತೀರಿಕೊಂಡರೆ ಮಣ್ಣು ಮುಗಿಸಿಕೊಂಡು ಬಂದವರಿಗೆ ಸೂಪು, ಸ್ಯಾಂಡ್‌ವಿಚ್ ಕೊಡುವುದೂ ಪಬ್‌ನಲ್ಲೇ. ನಮ್ಮ ಕಡೆ ಊರ ಅರಳಿಕಟ್ಟೆ ಇದ್ದ ಹಾಗೆ ಅದು. ಕುಡಿಯದವರೂ ಬಂದು ಕೂರುತ್ತಾರೆ.

ಮಗಳ ವಿಷಯ: 15 ವರ್ಷದೊಳಗಿನ ಮಕ್ಕಳು ಅಪ್ಪ-ಅಮ್ಮನ ಜೊತೆ ರಾತ್ರಿ 9ರವರೆಗೆ ಇರಬಹುದು. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ 10 ಗಂಟೆ. ಇದು ಕಾನೂನು. ಹಾಗಾಗಿ 6 ಗಂಟೆಗೆ ಹೋಗಿ, 8ಕ್ಕೆ ಎದ್ದುಬಿಡಿ. ಯಾರ ತಕರಾರೂ ಇರುವುದಿಲ್ಲ.

ರಾಜಾಜಿನಗರದವ
ಬಾರ್ ಬಾರೇ. ಹೆಸರು ಬದಲಾದರೆ ಏನಾಯ್ತು? 70 ವರ್ಷದವರಿಗೆ ಮನಸ್ಸಿಗೆ ಕಸಿವಿಸಿ ಆಗುವ ಜಾಗಕ್ಕೆ ಹುಟ್ಟುಹಬ್ಬದ ದಿನವೇ ಯಾಕೆ ಕರೆದುಕೊಂಡು ಹೋಗಬೇಕು? ಮನೆಯಲ್ಲೇ ಒಬ್ಬಟ್ಟು ಮಾಡಿ.

ಕಾರ್ಕ್_ಅಕ್ಕ
@ರಾಜಾಜಿನಗರದವ ಒಬ್ಬಟ್ಟು ಮಾಡುವವರು ಯಾರು ಸರ್? ಮತ್ತೆ ಆ ಅಮ್ಮನೇ ಅಲ್ವಾ? ರಜೆಗೆ ಅಂತ ಬಂದು ಇಲ್ಲಿ ದಿನಾ ಮಗನ ಮನೆಯ ಒಲೆ ಮುಂದೆ ನಿಂತಿರುತ್ತಾರೆ. ಒಂದು ದಿನ ಅವರೂ ಕೂತು ಉಣ್ಣಲಿ ಬಿಡಿ.

ಮಂಗಳೂರು_ನರ್ಸ್
+1 ಕಾರ್ಕ್ ಅಕ್ಕ. ನನ್ನ ಅಮ್ಮ ಬಂದಾಗಲೂ ಇದೇ ಕಥೆ.

ಸ್ವಲ್ಪ_ಖಾರ
ಪ್ರಶ್ನೆ ಇರುವುದು ಪಬ್ ಬಗ್ಗೆ ಅಲ್ಲ, ಅಡುಗೆಮನೆ ಬಗ್ಗೆ. ಎಣ್ಣೆ ಬಾಣಲೆ ಒಂದೇ ಇರುತ್ತದೆ. ಅದೇ ಫ್ರೈಯರ್‌ನಲ್ಲಿ ಮೀನು, ಚಿಕನ್ ವಿಂಗ್ಸ್, ಚಿಪ್ಸ್, ನಮ್ಮ ಪಕೋಡ, ಸಮೋಸ. ನಾನು ಒಂದು ಕಡೆ (ಊರು ಬೇಡ) ಈರುಳ್ಳಿ ಬಜ್ಜಿ ತೆಗೆದುಕೊಂಡರೆ ಅದರ ಅಂಚಿಗೆ ಮೀನಿನ ಹಿಟ್ಟಿನ ಚೂರು ಅಂಟಿಕೊಂಡಿತ್ತು. ಇನ್ನೊಂದು ಕಡೆ ವೆಜ್ ಬಿರಿಯಾನಿ ಅಡಿಯಲ್ಲಿ ಚಿಕನ್ ತುಂಡು. ಕೇಳಿದರೆ "ಅನ್ನ ಒಂದೇ ಪಾತ್ರೆಯದು" ಅಂದರು. ಅವತ್ತಿಂದ ಪಬ್ ಕಿಚನ್‌ನಲ್ಲಿ ಕರಿದದ್ದು, ಬಿರಿಯಾನಿ ಎರಡೂ ನನಗೆ ಬೇಡ.

ಡಬ್ಲಿನ್15
ನಾನ್ ರೊಟ್ಟಿಯನ್ನೂ ಕೇಳಿ ತೆಗೆದುಕೊಳ್ಳಿ. ಕೆಲವರು ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ.

ಕುಂದಾಪುರದ_ಅಡುಗೆಯವ
ನಾನು ಇಂಥದ್ದೇ ಒಂದು ಪಬ್‌ನಲ್ಲಿ ಕಿಚನ್ ನಡೆಸುತ್ತೇನೆ. ಪಶ್ಚಿಮದ ಕಡೆ, ಲೀಷ್ ಅಲ್ಲ. ಮಾರಾಯ್ರೇ, ಎಲ್ಲರೂ ದೂರುವುದನ್ನು ಓದಿದೆ. ನಮ್ಮ ಕಡೆಯಿಂದಲೂ ಸ್ವಲ್ಪ ಹೇಳುತ್ತೇನೆ, ಉದ್ದ ಆಗುತ್ತದೆ.

ಮೊದಲು ವ್ಯವಹಾರ. ಪಬ್ ಮಾಲೀಕನದು ಬಾರ್, ನಮ್ಮದು ಅಡುಗೆಮನೆ. ಲೈಸೆನ್ಸ್ ಅವನದು, ಕುಡಿಯುವುದರ ದುಡ್ಡು ಅವನಿಗೆ. ಊಟದ ದುಡ್ಡು ನಮಗೆ. ಅದಕ್ಕೇ ಎಷ್ಟೋ ಕಡೆ ಬಿಲ್ ಎರಡು ಬರುತ್ತದೆ. ಲಸ್ಸಿ ನಮ್ಮ ಬಿಲ್‌ನಲ್ಲಿ, ಕೋಕ್ ಅವರ ಬಿಲ್‌ನಲ್ಲಿ. ಗಾಬರಿ ಬೇಡ. ನಾವು ವಾರಕ್ಕೆ ಇಷ್ಟು ಅಂತ ಬಾಡಿಗೆ ಕೊಡುತ್ತೇವೆ. ಕೆಲವರು ವ್ಯಾಪಾರದಲ್ಲಿ ಪಾಲು ಕೊಡುತ್ತಾರೆ. ಹೊಸದಾಗಿ ಅಂಗಡಿ ಹಿಡಿದು ರೆಸ್ಟೋರೆಂಟ್ ಮಾಡಬೇಕು ಅಂದ್ರೆ ಹೊಗೆ ಹೋಗುವ ಡಕ್ಟ್, ಕೋಲ್ಡ್ ರೂಮ್, ಗ್ಯಾಸ್ ಲೈನ್, ಟಾಯ್ಲೆಟ್ ಎಲ್ಲ ಸೇರಿ ಕೈ ಸುಟ್ಟುಕೊಳ್ಳುವಷ್ಟು ಖರ್ಚು. ಪಬ್‌ನಲ್ಲಿ ಅದೆಲ್ಲ ಮೊದಲೇ ಇರುತ್ತದೆ. ಎಚ್‌ಎಸ್‌ಇಯಲ್ಲಿ (ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ) ನಮ್ಮ ಹೆಸರಲ್ಲಿ ರಿಜಿಸ್ಟರ್ ಮಾಡಿಸಿ, ಒಲೆ ಹಚ್ಚಬಹುದು.

ಮಾಲೀಕನಿಗೂ ನಾವು ಬೇಕು. ಬರೀ ಕುಡಿಸಿ ಪಬ್ ನಡೆಸುವ ಕಾಲ ಹಳ್ಳಿ ಕಡೆ ಹೋಯಿತು. 2011ರಲ್ಲಿ ಕುಡಿದು ಗಾಡಿ ಓಡಿಸುವ ಮಿತಿಯನ್ನು 80 ಮಿಲಿಗ್ರಾಂನಿಂದ 50ಕ್ಕೆ ಇಳಿಸಿದರು. ಒಳ್ಳೆಯದೇ ಮಾಡಿದರು. ಆದರೆ ಬಸ್ಸೇ ಇಲ್ಲದ ಊರಲ್ಲಿ ಎರಡು ಪೈಂಟ್ ಕುಡಿದು ಹೋಗುತ್ತಿದ್ದ ರೈತ ಮನೆಯಲ್ಲೇ ಉಳಿದ. 2005ರಿಂದ ಈಚೆಗೆ ದೇಶದಲ್ಲಿ 2 ಸಾವಿರಕ್ಕೂ ಹೆಚ್ಚು ಪಬ್ ಮುಚ್ಚಿವೆ. ಊಟ ಇಟ್ಟರೆ ಸಂಸಾರ ಬರುತ್ತದೆ, ಒಬ್ಬರು ಕುಡಿಯದೆ ಗಾಡಿ ಓಡಿಸುತ್ತಾರೆ, ಮಂಗಳವಾರವೂ ನಾಲ್ಕು ಟೇಬಲ್ ತುಂಬುತ್ತದೆ.

ಕೋವಿಡ್ ಟೈಮ್ ನೆನಪಿದೆಯಾ? 2020ರ ಜೂನ್ 29ಕ್ಕೆ ಊಟ ಕೊಡುವ ಪಬ್‌ಗಳಿಗೆ ಮಾತ್ರ ಬಾಗಿಲು ತೆಗೆಯಲು ಬಿಟ್ಟರು. ಅದೂ ಒಬ್ಬೊಬ್ಬರಿಗೆ ಕನಿಷ್ಠ 9 ಯೂರೋದ ಊಟ ಹಾಕಲೇಬೇಕು. ಬರೀ ಬಾರ್ ಇದ್ದವರು ಬೀಗ ಹಾಕಿಕೊಂಡೇ ಕೂತರು. ಅಡುಗೆಮನೆ ಇಲ್ಲದಿದ್ದರೆ ಏನಾಗುತ್ತದೆ ಅಂತ ಆಗ ಎಲ್ಲರಿಗೂ ಬಿಸಿ ಮುಟ್ಟಿತು.

ಈಗ ವೆಜ್ ವಿಷಯ. @ಸ್ವಲ್ಪ_ಖಾರ ಹೇಳಿದ್ದು ನಿಜ, ಫ್ರೈಯರ್ ಒಂದೇ ಇರುವ ಕಿಚನ್ ಬಹಳ ಇವೆ. ನಮ್ಮಲ್ಲಿ ಎರಡು ಇವೆ, ಒಂದಕ್ಕೆ ಮೀನು-ಮಾಂಸ ಹಾಕುವುದಿಲ್ಲ. ಆದರೆ ಎಲ್ಲ ಕಡೆ ಹಾಗಿರುತ್ತದೆ ಅಂತ ನಂಬಬೇಡಿ. ಫೋನ್ ಮಾಡಿ ಕೇಳಿ. ಬಾರ್‌ನಲ್ಲಿ ಫೋನ್ ಎತ್ತುವ ಹುಡುಗನನ್ನಲ್ಲ, ಕಿಚನ್‌ಗೆ ಕೊಡು ಅಂತ ಹೇಳಿ ನೇರ ಅಡುಗೆಯವರನ್ನೇ ಕೇಳಿ.

ಧಾರವಾಡದಾಕಿ
ಇಷ್ಟು ವಿವರ ಯಾರೂ ಹೇಳಿರಲಿಲ್ಲ. ಎರಡು ಬಿಲ್ ಯಾಕೆ ಅಂತ ನಾನು ಪ್ರತಿ ಸಲ ಯೋಚನೆ ಮಾಡುತ್ತಿದ್ದೆ. ಧನ್ಯವಾದ ಅಣ್ಣಾ.

ಲೀಷ್_ಕನ್ನಡಿಗ
@ಕುಂದಾಪುರದ_ಅಡುಗೆಯವ ಸರ್, ಫೋನ್‌ನಲ್ಲಿ ಏನೇನು ಕೇಳಬೇಕು? "ವೆಜ್ ಇದೆಯಾ" ಅಂದ್ರೆ ಎಲ್ಲರೂ ಇದೆ ಅನ್ನುತ್ತಾರೆ.

ಕುಂದಾಪುರದ_ಅಡುಗೆಯವ
ಹೌದು, ಹಾಗೆ ಕೇಳಿದರೆ ಹೌದು ಅಂತಲೇ ಉತ್ತರ. ಫ್ರೈಯರ್ ಬೇರೆ ಇದೆಯಾ? ವೆಜ್ ಕರಿಗೆ ಚಿಕನ್ ಸ್ಟಾಕ್ (ಕೋಳಿ ಬೇಯಿಸಿದ ನೀರು) ಹಾಕುತ್ತೀರಾ? ನಾನ್ ಹಿಟ್ಟಿನಲ್ಲಿ ಮೊಟ್ಟೆ ಇದೆಯಾ? ಬಿರಿಯಾನಿ ಅನ್ನ ಬೇರೆ ಪಾತ್ರೆಯದಾ? ಹೀಗೆ ಒಂದೊಂದಾಗಿ ಕೇಳಿ.

ಇನ್ನೊಂದು ದಾರಿ ಇದೆ, ತುಂಬಾ ಜನರಿಗೆ ಹೊಳೆಯುವುದಿಲ್ಲ. ಇಲ್ಲಿ 14 ಅಲರ್ಜಿ ಪದಾರ್ಥಗಳ ವಿವರ ಬರೆದು ಇಡುವುದು ಕಡ್ಡಾಯ. ಮೆನುವಿನಲ್ಲಿ ಪ್ರತಿ ಐಟಂ ಪಕ್ಕ ಸಣ್ಣ ಅಂಕಿಗಳು ಇರುತ್ತವೆ ನೋಡಿ, ಅದೇ. ಮೊಟ್ಟೆ, ಮೀನು, ಹಾಲು, ಸಾಸಿವೆ, ಎಳ್ಳು ಎಲ್ಲ ಆ ಪಟ್ಟಿಯಲ್ಲಿವೆ. ಯಾವ ಅಂಕಿ ಯಾವುದಕ್ಕೆ ಅಂತ ಮೆನುವಿನ ಕೊನೆಯಲ್ಲಿರುತ್ತದೆ. ನಾನ್ ಪಕ್ಕ ಮೊಟ್ಟೆಯ ಅಂಕಿ ಇದ್ದರೆ ಬಿಟ್ಟುಬಿಡಿ, ತಂದೂರಿ ರೊಟ್ಟಿ ನೋಡಿ. ಆದರೆ ಕೋಳಿ-ಕುರಿ ಮಾಂಸ ಆ 14ರಲ್ಲಿ ಇಲ್ಲ. ಹಾಗಾಗಿ ಸ್ಟಾಕ್ ವಿಷಯ ಬಾಯಿಬಿಟ್ಟು ಕೇಳಲೇಬೇಕು.

ಯಾವ ದಿನ ಹೋಗುತ್ತೀರಿ ಅನ್ನುವುದೂ ಮುಖ್ಯ. ಶುಕ್ರವಾರ, ಶನಿವಾರ ರಾತ್ರಿ ನಮಗೆ ಉಸಿರಾಡಲೂ ಪುರುಸೊತ್ತಿಲ್ಲ. ಊರಿನ ತಂಡದ ಮ್ಯಾಚ್ ಇದ್ದರಂತೂ ಮುಗಿಯಿತು. ಅವತ್ತು ಬಂದು "ಈರುಳ್ಳಿ-ಬೆಳ್ಳುಳ್ಳಿ ಇಲ್ಲದೆ ಮಾಡಿಕೊಡಿ" ಅಂದ್ರೆ ಆಗುವುದೇ ಇಲ್ಲ. ಯಾಕೆ ಅಂದ್ರೆ ಬೆಳಿಗ್ಗೆಯೇ ಒಂದು ದೊಡ್ಡ ಪಾತ್ರೆಯಲ್ಲಿ ಈರುಳ್ಳಿ, ಟೊಮೆಟೊ, ಶುಂಠಿ-ಬೆಳ್ಳುಳ್ಳಿ ಬೇಯಿಸಿ ರುಬ್ಬಿ ಬೇಸ್ ಗ್ರೇವಿ ಮಾಡಿ ಇಟ್ಟಿರುತ್ತೇವೆ. ರಾತ್ರಿ ಆರ್ಡರ್ ಬಂದ ಹಾಗೆ ಒಂದು ಸೌಟು ಆ ಗ್ರೇವಿ ಪ್ಯಾನ್‌ಗೆ ಹಾಕಿ, ಒಂದಕ್ಕೆ ಕೆನೆ, ಒಂದಕ್ಕೆ ಪಾಲಕ್, ಒಂದಕ್ಕೆ ತೆಂಗಿನ ಹಾಲು. ಮಂಗಳವಾರ, ಬುಧವಾರ ಸಂಜೆ 5-6ಕ್ಕೆ ಬನ್ನಿ, ಒಂದು ದಿನ ಮೊದಲೇ ಹೇಳಿ. ಹೊಸದಾಗಿ ಬೇಳೆ ಬೇಯಿಸಿ, ತುಪ್ಪದಲ್ಲಿ ಜೀರಿಗೆ-ಇಂಗು ಒಗ್ಗರಣೆ ಹಾಕಿ ಕೊಡುವುದು ಯಾವ ಅಡುಗೆಯವನಿಗೂ ಕಷ್ಟ ಅಲ್ಲ. ಎಷ್ಟೋ ಕಡೆ ಆ ಹೊತ್ತಿಗೆ ಅರ್ಲಿ ಬರ್ಡ್ ಅಂತ ರೇಟೂ ಕಡಿಮೆ ಇರುತ್ತದೆ.

ಸ್ವಲ್ಪ_ಖಾರ
ಒಪ್ಪಿದೆ ಸರ್. ಆದರೆ ಇಷ್ಟೆಲ್ಲ ಗ್ರಾಹಕನೇ ಕೇಳಿ ತಿಳಿದುಕೊಳ್ಳಬೇಕಾ? ಮೆನುವಿನಲ್ಲಿ ಹಸಿರು ಎಲೆ ಗುರುತು ಹಾಕಿ, ಅದೇ ಎಣ್ಣೆಯಲ್ಲಿ ಮೀನು ಕರಿದರೆ ಅದು ಮೋಸವೇ. 17-18 ಯೂರೋ ಕೊಡುತ್ತೇವೆ, ಸುಮ್ನೆ ಅಲ್ಲ.

ಕುಂದಾಪುರದ_ಅಡುಗೆಯವ
ಮೋಸ ಅನ್ನುವುದಕ್ಕಿಂತ ಗೊತ್ತಿಲ್ಲದಿರುವುದೇ ಜಾಸ್ತಿ. ಇಲ್ಲಿನ ಎಷ್ಟೋ ವೆಜಿಟೇರಿಯನ್ನರಿಗೆ ಎಣ್ಣೆ ಬೇರೆ ಬೇಕು ಅಂತಿಲ್ಲ. ತಟ್ಟೆಯಲ್ಲಿ ಮಾಂಸ ಇರಬಾರದು, ಅಷ್ಟೇ. ನಮ್ಮವರಿಗೆ ಹಾಗಲ್ಲ. ಒಂದೇ ಎಣ್ಣೆ ಅಂತಾದರೆ ಮೆನುವಿನಲ್ಲಿ ಬರೆಯಬೇಕು, ಅದು ನಿಮ್ಮ ಮಾತು ಸರಿ. ನಾನು ಬರೆದಿದ್ದೇನೆ.

ರಾಜಾಜಿನಗರದವ
ಸರಿ, ಅಡುಗೆ ಆಯಿತು. ಕೌಂಟರ್ ಮುಂದೆ ಕುಡಿದು ಗಲಾಟೆ ಮಾಡುವವರು? ಅವರ ಎದುರು ಸೀರೆ ಉಟ್ಟ ಅಮ್ಮ ನಡೆದುಕೊಂಡು ಹೋಗಬೇಕಾ?

ಮಂಗಳೂರು_ನರ್ಸ್
@ರಾಜಾಜಿನಗರದವ ಸರ್, ನೀವು ಐರ್ಲೆಂಡ್‌ನಲ್ಲಿ ಇದ್ದೀರಾ? ಸಂಜೆ 6 ಗಂಟೆಗೆ ಹಳ್ಳಿ ಪಬ್‌ನಲ್ಲಿ ಗಲಾಟೆ ಎಲ್ಲಿಂದ ಬಂತು? ನಾನು ಲಿಮರಿಕ್ ಕಡೆ ಕೆಲಸ ಮಾಡುವುದು. ನೈಟ್ ಡ್ಯೂಟಿ ಇಲ್ಲದ ದಿನ ನಾವು ನಾಲ್ಕು ಜನ ಹೆಂಗಸರೇ ಪಬ್ ಒಳಗಿನ ಇಂಡಿಯನ್‌ಗೆ ಹೋಗುತ್ತೇವೆ. ನಮ್ಮಲ್ಲಿ ಯಾರೂ ಕುಡಿಯುವುದಿಲ್ಲ. ಒಂದು ಪಾಟ್ ಟೀ ಹೇಳಿದರೆ ಬಾರ್‌ನವನೇ ತಂದಿಡುತ್ತಾನೆ, ಪಕ್ಕದಲ್ಲಿ ಹಾಲಿನ ಜಗ್. ಮುಖ ಸಿಂಡರಿಸಿದ್ದನ್ನು ನಾನಂತೂ ಕಂಡಿಲ್ಲ. ಅಮ್ಮ ಬಂದಾಗ ಸೀರೆಯಲ್ಲೇ ಕರೆದುಕೊಂಡು ಹೋಗಿದ್ದೆ. ಕೌಂಟರ್‌ನಲ್ಲಿದ್ದ ಅಜ್ಜ ಒಬ್ಬರು ಎದ್ದು ದಾರಿ ಬಿಟ್ಟು, ಮಳೆ ಬಗ್ಗೆ ಮಾತಾಡಿದರು. ಅಮ್ಮ ತುಳುವಿನಲ್ಲೇ ಉತ್ತರ ಕೊಟ್ಟರು. ಇಬ್ಬರಿಗೂ ಖುಷಿ.

ಶನಿವಾರ ರಾತ್ರಿ 11ಕ್ಕೆ ಪೇಟೆ ಪಬ್ ಬೇರೆ, ಅದು ನಿಜ. ಆ ಹೊತ್ತಿಗೆ ನಾನೂ ಹೋಗುವುದಿಲ್ಲ.

ಕಾರ್ಕ್_ಅಕ್ಕ
ಕುಡಿಯದವರನ್ನು ಕಂಡರೆ ಐರಿಷ್ ಜನಕ್ಕೆ ವಿಚಿತ್ರ ಅಂತ ನಮ್ಮವರು ತಿಳಿದುಕೊಂಡಿದ್ದಾರೆ. ಹಾಗೇನಿಲ್ಲ. ನಮ್ಮ ಕಾರ್ಕ್ ಊರ ನಡುವೆ, ಸೇಂಟ್ ಪ್ಯಾಟ್ರಿಕ್ಸ್ ಸ್ಟ್ರೀಟ್‌ನಲ್ಲಿ ನಿಂತಿರುವ ಪ್ರತಿಮೆ ಯಾರದು ಗೊತ್ತಾ? ಫಾದರ್ ಮ್ಯಾಥ್ಯೂ. 1838ರಲ್ಲಿ ಕುಡಿತ ಬಿಡಿಸುವ ಚಳವಳಿ ಶುರು ಮಾಡಿ ಲಕ್ಷಾಂತರ ಜನರಿಂದ ಪ್ರತಿಜ್ಞೆ ಮಾಡಿಸಿದವರು. ಆಮೇಲೆ 1898ರಲ್ಲಿ ಡಬ್ಲಿನ್‌ನಲ್ಲಿ ಪಯೋನಿಯರ್ ಸಂಘ ಬಂತು, ಜೀವಮಾನ ಪೂರ್ತಿ ಕುಡಿಯುವುದಿಲ್ಲ ಅಂತ ಪಣ ತೊಡುವವರದು. ಕೋಟಿಗೆ ಸಣ್ಣ ಪಿನ್ ಹಾಕಿಕೊಳ್ಳುತ್ತಾರೆ. ವಯಸ್ಸಾದವರಲ್ಲಿ ಈಗಲೂ ಕಾಣುತ್ತದೆ. ನನ್ನ ಪಕ್ಕದ ಮನೆಯವರು ಆ ಪಿನ್ ಹಾಕಿಕೊಂಡೇ ವಾರಕ್ಕೊಮ್ಮೆ ಪಬ್‌ಗೆ ಹೋಗಿ ಇಸ್ಪೀಟ್ ಆಡಿ, ಟೀ ಕುಡಿದು ಬರುತ್ತಾರೆ. ನಿಮ್ಮ ತಂದೆಯವರಿಗೆ ಇಂಥವರೇ ಸಿಕ್ಕರೂ ಸಿಗಬಹುದು.

ಡಬ್ಲಿನ್15
ತಂಪು ಪಾನೀಯಕ್ಕೆ ಇಲ್ಲಿ ಹಳಬರು ಮಿನರಲ್ ಅನ್ನುತ್ತಾರೆ. ನೀರು ಬೇಕಾದರೆ ಟ್ಯಾಪ್ ವಾಟರ್ ಜಗ್ ಅಂತ ಕೇಳಿ, ದುಡ್ಡಿಲ್ಲ.

ಮೈಸೂರು_ಟು_ಗಾಲ್ವೇ
ಯಾರೂ ಮುಖ್ಯ ವಿಷಯ ಹೇಳಲಿಲ್ಲ. ಪಬ್ ಒಳಗಿನ ಇಂಡಿಯನ್‌ನಲ್ಲಿ ಹಾಫ್ ಅಂಡ್ ಹಾಫ್ ತಿನ್ನಿ! ಕರಿ ಜೊತೆ ಅರ್ಧ ಅನ್ನ, ಅರ್ಧ ಚಿಪ್ಸ್. ಇದು ಪಕ್ಕಾ ಐರಿಷ್ ಪದ್ಧತಿ. ಅನ್ನ ಒಂದು ಕಡೆ, ದಪ್ಪ ದಪ್ಪ ಆಲೂಗಡ್ಡೆ ಚಿಪ್ಸ್ ಒಂದು ಕಡೆ, ಮಧ್ಯೆ ಬಿಸಿ ಗ್ರೇವಿ. ಗ್ರೇವಿ ಹೀರಿಕೊಂಡ ಚಿಪ್ಸ್ ಹೊರಗೆ ಮೆತ್ತಗಾಗಿ ಒಳಗೆ ಹಿಟ್ಟುಹಿಟ್ಟಾಗಿ ಇರುತ್ತದೆ. ಆಹಾ.

ರಾಜಾಜಿನಗರದವ
ಅನ್ನದ ಜೊತೆ ಚಿಪ್ಸಾ? ಶಿವಶಿವಾ.

ಮೈಸೂರು_ಟು_ಗಾಲ್ವೇ
ಅನ್ನ-ಸಾರಿಗೆ ಆಲೂಗಡ್ಡೆ ಪಲ್ಯ ನೆಂಚಿಕೊಳ್ಳುತ್ತೀರಾ ಇಲ್ಲವಾ ಸರ್? ಅದು ಆಗಬಹುದು, ಇದು ಆಗಬಾರದಾ?

ಸ್ವಲ್ಪ_ಖಾರ
ಆ ಚಿಪ್ಸ್ ಕರಿಯುವುದು ಯಾವ ಫ್ರೈಯರ್‌ನಲ್ಲಿ ಅಂತ ಮತ್ತೆ ನೆನಪಿಸುತ್ತೇನೆ.

ಕುಂದಾಪುರದ_ಅಡುಗೆಯವ
ಹಾಫ್ ಅಂಡ್ ಹಾಫ್ ಇಲ್ಲದಿದ್ದರೆ ನನ್ನ ಕಿಚನ್ ನಡೆಯುವುದೇ ಇಲ್ಲ. ಮೊದಮೊದಲು ನನಗೂ ಕೈ ಬರುತ್ತಿರಲಿಲ್ಲ. ಈಗ ಟಿಕ್ಕಾ ಮಸಾಲ ಹಾಫ್ ಅಂಡ್ ಹಾಫ್ ಅಂತ ಆರ್ಡರ್ ಚೀಟಿ ಬಂದರೆ ಖುಷಿಯಿಂದಲೇ ಹಾಕುತ್ತೇನೆ. 40 ವರ್ಷದಿಂದ ಅದೇ ಸ್ಟೂಲ್ ಮೇಲೆ ಕೂರುವ ಮನುಷ್ಯ ಮೊದಲು ಬರೀ ಚಿಪ್ಸ್‌ಗೆ ಕರಿ ಸಾಸ್ ಹಾಕಿಸಿಕೊಂಡ. ಆಮೇಲೆ ಹಾಫ್ ಅಂಡ್ ಹಾಫ್. ಈಗ ಪೂರ್ತಿ ಅನ್ನ, ದಾಲ್, ಜೊತೆಗೆ ಹಸಿಮೆಣಸು ಕೇಳುತ್ತಾನೆ. ಹಾಗೆ ಒಬ್ಬೊಬ್ಬರೇ ಬರುವುದು. ನೇರ ನೀರ್ ದೋಸೆ, ಕೋರಿ ಗಸ್ಸಿ ಇಟ್ಟಿದ್ದರೆ ಮೂರೇ ತಿಂಗಳಿಗೆ ಮುಚ್ಚುತ್ತಿದ್ದೆ. ಈಗ ಗುರುವಾರ ಮಾತ್ರ ಗಸ್ಸಿ ಮಾಡುತ್ತೇನೆ, ಮುಗಿದುಹೋಗುತ್ತದೆ.

ಬರ್ಮಿಂಗ್‌ಹ್ಯಾಮ್_ಗೌಡ
ಇಂಗ್ಲೆಂಡ್ ಕಡೆಯಿಂದ ಒಂದು ಮಾತು. ನಮ್ಮ ವೆಸ್ಟ್ ಮಿಡ್‌ಲ್ಯಾಂಡ್ಸ್‌ನಲ್ಲಿ ದೇಸಿ ಪಬ್ ಅಂತಲೇ ಬಹಳ ಇವೆ. ಅವು ಪಂಜಾಬಿಗಳದು. ಮಿಕ್ಸಡ್ ಗ್ರಿಲ್ ಅಂತ ಕಬ್ಬಿಣದ ತಟ್ಟೆಯಲ್ಲಿ ಸುಯ್ಯ್ ಅಂತ ಹೊಗೆಯಾಡುತ್ತಾ ತಂದಿಡುತ್ತಾರೆ. ಐರ್ಲೆಂಡ್‌ನವರೂ ಇದನ್ನೇ ನೋಡಿ ಕಲಿತದ್ದು.

ಇತಿಹಾಸ_ಪ್ರಿಯ
@ಬರ್ಮಿಂಗ್‌ಹ್ಯಾಮ್_ಗೌಡ ಎರಡನ್ನೂ ಒಂದೇ ಮಾಡಬೇಡಿ. ನಿಮ್ಮ ಕಡೆಯ ದೇಸಿ ಪಬ್ ಹಿಂದೆ ಹೋರಾಟ ಇದೆ. 1960ರ ದಶಕದಲ್ಲಿ ಸ್ಮೆತ್ವಿಕ್ ಸುತ್ತಮುತ್ತ ಎಷ್ಟೋ ಪಬ್‌ಗಳು ಬಿಳಿಯರಲ್ಲದವರನ್ನು ಸೇರಿಸುತ್ತಲೇ ಇರಲಿಲ್ಲ, ಸೇರಿಸಿದರೂ ಬೇರೆ ರೂಮ್‌ನಲ್ಲಿ ಕೂರಿಸುತ್ತಿದ್ದರು. ಕಬ್ಬಿಣದ ಫೌಂಡ್ರಿಯಲ್ಲಿ ಇಡೀ ದಿನ ದುಡಿದ ಮನುಷ್ಯನಿಗೆ ಸಂಜೆ ಒಂದು ಗ್ಲಾಸ್ ಬಿಯರ್ ಕೊಡುವುದಿಲ್ಲ ಅಂದ್ರೆ ಹೇಗಿರಬೇಕು! ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್‌ನ ಅವತಾರ್ ಸಿಂಗ್ ಜೌಹಲ್ ಅಂಥವರು ಬೇಕಂತಲೇ ಬಿಳಿಯ ಗೆಳೆಯರನ್ನೂ ಜೊತೆಗೆ ಕರೆದುಕೊಂಡು ಆ ಪಬ್‌ಗಳಿಗೆ ಹೋಗಿ, ಕೊಡುವುದಿಲ್ಲ ಅಂದದ್ದನ್ನು ಸಾಬೀತು ಮಾಡುತ್ತಿದ್ದರು. 1965ರ ಫೆಬ್ರವರಿಯಲ್ಲಿ ಅಮೆರಿಕದ ಕಪ್ಪು ಜನರ ಹೋರಾಟಗಾರ ಮಾಲ್ಕಮ್ ಎಕ್ಸ್ ಸ್ಮೆತ್ವಿಕ್‌ಗೆ ಬಂದು ಅದನ್ನು ಕಣ್ಣಾರೆ ನೋಡಿದರು. ಅದೇ ವರ್ಷ ರೇಸ್ ರಿಲೇಷನ್ಸ್ ಕಾಯ್ದೆ ಬಂತು, ಪಬ್‌ನಂಥ ಜಾಗದಲ್ಲಿ ಬಣ್ಣ ನೋಡಿ ಹೊರಗಿಡುವುದು ಕಾನೂನಿಗೆ ವಿರುದ್ಧ ಆಯಿತು. ಆಮೇಲೆ ಪಂಜಾಬಿಗಳೇ ಪಬ್‌ಗಳನ್ನು ಕೊಂಡರು.

ಐರ್ಲೆಂಡ್‌ನಲ್ಲಿ ಕಥೆ ಬೇರೆ. ಇಲ್ಲಿ ಪಬ್ ಐರಿಷರದೇ, ಅಡುಗೆಮನೆ ಮಾತ್ರ ನಮ್ಮವರದು. ಕುಂದಾಪುರದವರು ಬರೆದ ಹಾಗೆ ಎರಡೂ ಕಡೆಯವರಿಗೆ ಬೇಕಾಗಿ ಆದ ಹೊಂದಾಣಿಕೆ.

ಬರ್ಮಿಂಗ್‌ಹ್ಯಾಮ್_ಗೌಡ
ಜೌಹಲ್ ಅವರ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು, 2022ರಲ್ಲಿ ತೀರಿಕೊಂಡರು. ಲಂಡನ್ನಿನ ಸೌತ್ಹಾಲ್‌ನಲ್ಲಿ ಗ್ಲಾಸಿ ಜಂಕ್ಷನ್ ಅಂತ ಒಂದು ಪಬ್ ಇತ್ತು, ನಮ್ಮ ರೂಪಾಯಿ ಕೊಟ್ಟರೂ ತೆಗೆದುಕೊಳ್ಳುತ್ತಿದ್ದರು. ಈಗ ಮುಚ್ಚಿದೆ.

ಇತಿಹಾಸ_ಪ್ರಿಯ
ಐರ್ಲೆಂಡ್‌ಗೂ ಇಂಡಿಯನ್ ಊಟಕ್ಕೂ ಇನ್ನೂ ಹಳೆಯ ನಂಟಿದೆ. ಪಟ್ನಾದ ದೀನ್ ಮಹಮದ್ 1784ರಲ್ಲಿ ಬಂದು ನೆಲೆಸಿದ್ದು ಕಾರ್ಕ್‌ನಲ್ಲಿ. ಅಲ್ಲಿಯವಳೇ ಜೇನ್ ಡೇಲಿಯನ್ನು ಮದುವೆಯಾದ. 1794ರಲ್ಲಿ ತನ್ನ ಪ್ರವಾಸದ ಪುಸ್ತಕ ಅಚ್ಚು ಹಾಕಿಸಿದ್ದೂ ಕಾರ್ಕ್‌ನಲ್ಲೇ. ಆಮೇಲೆ ಲಂಡನ್‌ಗೆ ಹೋಗಿ 1810ರಲ್ಲಿ ಹಿಂದೂಸ್ತಾನಿ ಕಾಫಿ ಹೌಸ್ ತೆಗೆದ. ಬ್ರಿಟನ್ನಿನಲ್ಲಿ ಭಾರತೀಯನೊಬ್ಬ ತೆಗೆದ ಮೊದಲ ರೆಸ್ಟೋರೆಂಟ್ ಅದು. ಎರಡೇ ವರ್ಷಕ್ಕೆ ದಿವಾಳಿ ಆದ, ಪಾಪ.

ಡಬ್ಲಿನ್‌ಗೆ ಹೋದರೆ ತಂದೆಯವರಿಗೆ ಫೀನಿಕ್ಸ್ ಪಾರ್ಕ್ ತೋರಿಸಿ. ಅಲ್ಲಿ 62 ಮೀಟರ್ ಎತ್ತರದ ವೆಲ್ಲಿಂಗ್ಟನ್ ಸ್ಮಾರಕ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷ್ ಸೈನ್ಯದಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ ಆತ, ಹುಟ್ಟಿದ್ದು ಡಬ್ಲಿನ್. ಸ್ಮಾರಕದ ಬುಡದಲ್ಲಿ ಕಂಚಿನ ಫಲಕಗಳಿವೆ, ಒಂದರಲ್ಲಿ ಭಾರತದ ಯುದ್ಧಗಳ ಚಿತ್ರ. ಮೈಸೂರು ಕಡೆಯವರು ಅದರ ಮುಂದೆ ನಿಂತರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಆ ಯುದ್ಧ ಗೆದ್ದವನಿಗೆ ಇಷ್ಟು ಎತ್ತರದ ಕಂಬ...

ಮೈಸೂರು_ಟು_ಗಾಲ್ವೇ
ಟಿಪ್ಪು ವಿಷಯ ತೆಗೆಯಬೇಡಿ, 400 ಕಾಮೆಂಟ್ ಆಗುತ್ತದೆ.

ನಿರ್ವಾಹಕ
ವಿಷಯಕ್ಕೆ ಬನ್ನಿ. ಶ್ರೀರಂಗಪಟ್ಟಣಕ್ಕೆ ಬೇರೆ ಚರ್ಚೆ ತೆರೆಯಿರಿ.

ಧಾರವಾಡದಾಕಿ
ನನ್ನದೊಂದು ಪ್ರಶ್ನೆ. ನನ್ನ ಗಂಡ ಸಸ್ಯಾಹಾರಿ, ಆದರೆ ಅಪರೂಪಕ್ಕೆ ಗಿನ್ನೆಸ್ ಬಿಯರ್ ಕುಡಿಯುತ್ತಾರೆ. ಅದಕ್ಕೆ ಮೀನಿನ ಅಂಶ ಹಾಕುತ್ತಾರೆ ಅಂತ ಯಾರೋ ಹೇಳಿದರು. ನಿಜವಾ?

ಮೈಸೂರು_ಟು_ಗಾಲ್ವೇ
ಮೊದಲು ನಿಜ. ಬಿಯರ್ ತಿಳಿಯಾಗಲು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಅನ್ನುವ ಪದಾರ್ಥ ಬಳಸುತ್ತಿದ್ದರು. ಬಳಸುವುದನ್ನು ನಿಲ್ಲಿಸುತ್ತೇವೆ ಅಂತ 2015ರಲ್ಲಿ ಗಿನ್ನೆಸ್ ಹೇಳಿತು, ನಂತರದ ವರ್ಷಗಳಲ್ಲಿ ನಿಲ್ಲಿಸಿತು. ಈಗ ತೊಂದರೆ ಇಲ್ಲ. ಆಲ್ಕೋಹಾಲ್ ಇಲ್ಲದ 0.0 ಕೂಡ ಪಬ್‌ಗಳಲ್ಲಿ ಸಿಗುತ್ತದೆ.

ಖಾರದ ಊಟಕ್ಕೆ ಲಾಗರ್ ಬಿಯರ್‌ಗಿಂತ ಗಿನ್ನೆಸ್ ಮೇಲು ಅಂತ ನನ್ನ ಅನುಭವ. ಅದರಲ್ಲಿ ನೈಟ್ರೋಜನ್ ಜಾಸ್ತಿ, ಹಾಗಾಗಿ ಸೋಡಾ ಹಾಗೆ ನಾಲಿಗೆಗೆ ಚುಚ್ಚುವುದಿಲ್ಲ. ಮೆಣಸಿನ ಉರಿ ಇಳಿಯಬೇಕಾದರೆ ಮಾತ್ರ ಬಿಯರ್ ಉಪಯೋಗವಿಲ್ಲ. ಲಸ್ಸಿ, ಮೊಸರೇ ಗತಿ. ಹಾಲಿನ ಪ್ರೋಟೀನ್ ಆ ಖಾರವನ್ನು ಹಿಡಿದುಕೊಂಡು ಹೋಗುತ್ತದೆ.

ರಾಜಾಜಿನಗರದವ
ಚರ್ಚೆ ಎಲ್ಲಿಂದ ಎಲ್ಲಿಗೆ ಬಂತು ನೋಡಿ. ನಾನು ಇನ್ನೂ ಹೇಳುವುದು ಇಷ್ಟೇ. ಮೊದಲು ತಂದೆಯವರನ್ನೇ ಕೇಳಿ. ಬಾರ್ ಒಳಗೆ ಇದೆ ಅಂತ ಮುಚ್ಚಿಟ್ಟು, ಬಾಗಿಲ ಹತ್ತಿರ ಹೋದ ಮೇಲೆ ಹೇಳಬೇಡಿ. ಆ ವಯಸ್ಸಿನವರಿಗೆ ಮಗನ ಎದುರು ಬೇಡ ಅನ್ನಲು ಸಂಕೋಚ, ಕೂತು ಉಣ್ಣಲೂ ಸಂಕೋಚ.

ಕಾರ್ಕ್_ಅಕ್ಕ
ಇದು ನೂರಕ್ಕೆ ನೂರು ಸರಿಯಾದ ಮಾತು ಸರ್. ಮೊದಲೇ ಹೇಳಿ. ಸಾಧ್ಯವಾದರೆ ಒಂದು ದಿನ ಮಧ್ಯಾಹ್ನ ಟೀಗೆ ಕರೆದುಕೊಂಡು ಹೋಗಿ ಜಾಗ ತೋರಿಸಿ. ಪಕ್ಕದ ಬಾಗಿಲು ಇದೆಯಾ ಅಂತಲೂ ನೋಡಿ. ಎಷ್ಟೋ ಪಬ್‌ಗಳಲ್ಲಿ ಹಿಂದಿನ ಕಾರ್ ಪಾರ್ಕ್ ಕಡೆಯಿಂದ ನೇರ ಹಾಲ್‌ಗೆ ಹೋಗಬಹುದು.

ಲೀಷ್_ಕನ್ನಡಿಗ
ಎಲ್ಲರಿಗೂ ಧನ್ಯವಾದ. ನಿನ್ನೆ ಮಂಗಳವಾರ ಹೋಗಿ ಬಂದೆವು, ಹೇಗಾಯಿತು ಅಂತ ಹೇಳುತ್ತೇನೆ.

ಅಪ್ಪನಿಗೆ ಮೊದಲೇ ಹೇಳಿದೆ. "ಊಟ ಸಿಗುತ್ತದಲ್ಲ, ಮತ್ತೇನು" ಅಂದರು. ಅಮ್ಮನಿಗೇ ಅನುಮಾನ ಜಾಸ್ತಿ ಇತ್ತು. ಸೋಮವಾರ ಕಿಚನ್‌ಗೆ ಫೋನ್ ಮಾಡಿದೆ. ಅಡುಗೆಯವರು ಉತ್ತರಾಖಂಡದವರು. ಫ್ರೈಯರ್ ಒಂದೇ ಅಂತ ನೇರವಾಗಿ ಹೇಳಿದರು. ಹಾಗಾಗಿ ಕರಿದದ್ದು ಏನೂ ಹೇಳಲಿಲ್ಲ. ಹಪ್ಪಳವನ್ನು ತಂದೂರ್‌ನಲ್ಲಿ ಸುಟ್ಟು ಕೊಟ್ಟರು. ಸುಟ್ಟ ಹಪ್ಪಳ ಎಣ್ಣೆಯದಕ್ಕಿಂತ ಚೆನ್ನಾಗಿತ್ತು, ಅಂಚಲ್ಲೆಲ್ಲ ಸಣ್ಣ ಸಣ್ಣ ಕಪ್ಪು ಗುಳ್ಳೆ. ಮೊಟ್ಟೆ ಅಂಕಿ ನಾನ್ ಪಕ್ಕ ಇತ್ತು, ರೊಟ್ಟಿ ಪಕ್ಕ ಇರಲಿಲ್ಲ. ದಾಲ್, ಬದನೆಕಾಯಿ, ಜೀರಾ ರೈಸ್. ಕೊನೆಗೆ ಅಮ್ಮ ಮೊಸರು ಕೇಳಿದರು, ಒಂದು ಬಟ್ಟಲು ತಂದಿಟ್ಟರು. ಬಿಲ್ ಎರಡು ಬಂತು!

ಜಾಗದ ಬಗ್ಗೆ: ಪಕ್ಕದ ಬಾಗಿಲು ಇತ್ತು, ಆದರೆ ಅಪ್ಪ ಮುಂದಿನಿಂದಲೇ ಹೋಗೋಣ ಅಂದರು. ಬಾರ್‌ನಲ್ಲಿ ಐದಾರು ಜನ ಇದ್ದರು, ಯಾರೂ ತಿರುಗಿ ನೋಡಲಿಲ್ಲ. ಒಂದೇ ತೊಂದರೆ, ಟಿವಿ ಸದ್ದು. ಹಾಲ್‌ವರೆಗೂ ಕೇಳುತ್ತಿತ್ತು.

ಮಂಗಳೂರು_ನರ್ಸ್
ತಂದೆಯವರಿಗೆ ಹುಟ್ಟುಹಬ್ಬದ ಶುಭಾಶಯ ತಿಳಿಸಿ 🙏

ಸ್ವಲ್ಪ_ಖಾರ
ಫ್ರೈಯರ್ ಒಂದೇ ಅಂತ ಒಪ್ಪಿಕೊಂಡ ಅಡುಗೆಯವರಿಗೆ ನನ್ನ ಕಡೆಯಿಂದ ನಮಸ್ಕಾರ. ಎಲ್ಲರೂ ಹೀಗೆ ಹೇಳಿದರೆ ನನ್ನ ತಕರಾರು ಮುಗಿಯಿತು.

ಧಾರವಾಡದಾಕಿ
ಪಬ್ ಒಳಗಿನ ಹೋಟೆಲ್‌ನಲ್ಲಿ ಟಿಪ್ಸ್ ಯಾರಿಗೆ ಕೊಡಬೇಕು? ಬಡಿಸುವ ಹುಡುಗಿ ಬಾರ್‌ನವಳಾ, ಕಿಚನ್‌ನವಳಾ ಗೊತ್ತಾಗುವುದಿಲ್ಲ.

ಕುಂದಾಪುರದ_ಅಡುಗೆಯವ
ಅದು ಒಂದೊಂದು ಕಡೆ ಒಂದೊಂದು ಥರ. ನಮ್ಮಲ್ಲಿ ಬಡಿಸುವವರು ಕಿಚನ್ ಕಡೆಯವರು, ಡ್ರಿಂಕ್ಸ್ ತರುವವರು ಬಾರ್ ಕಡೆಯವರು. ಕಾರ್ಡ್‌ನಲ್ಲಿ ಕೊಟ್ಟರೆ ಊಟದ ಬಿಲ್ ಮೇಲೆ ಕೊಡಿ, ನಗದು ಆದರೆ ಬಡಿಸಿದವರ ಕೈಗೇ ಕೊಡಿ. ಟೇಬಲ್ ಮೇಲೆ ಇಟ್ಟು ಹೋದರೆ ಗ್ಲಾಸ್ ಎತ್ತಲು ಬಂದವರು ಬಾರ್‌ನ ಡಬ್ಬಿಗೆ ಹಾಕಿಬಿಡುತ್ತಾರೆ. ಒಳಗೆ ಪಾತ್ರೆ ತೊಳೆಯುವ ಹುಡುಗನಿಗೂ ಅದರಲ್ಲಿ ಪಾಲಿದೆ.